ಕೆರೆ ಏರಿಯ ವೀರಗಲ್ಲು – ಕಂತು ಏಳು: ಎಡಕ್ಕೆ ಎಳೆದ ಲಿವರ್

"ಹೊಸದಾಗಿ ಕೂಡಿಸಿದ ಲೋಡರ್ ಐತ್ರಿ ಅಕ್ಕಾರ. ಇನ್ನೂ ಒಂದು ಹನಿ ಆಯಿಲ್ ಕುಡದಿಲ್ಲ. ನಾಲ್ಕು ಪೈಪು ಹಾಕಿ ಕೊಟ್ರ ಸಂಜಿ ಒಳಗ ಊರು ಮುಟ್ಟತೇನಿ."

ಇಂಜಿನ್ ಬಂದ್ ಮಾಡುವ ಮೊದಲೇ ಲಕ್ಷ್ಮಪ್ಪ ಸೀಟಿನ ಮೇಲಿಂದ ಕೂಗಿ ಹೇಳಿದ. ನಲವತ್ತೈದರ ಆಸುಪಾಸಿನ ಗಟ್ಟಿ ಆಳು. ನಗುಮುಖ. ಹೆಗಲ ಮೇಲಿನ ಟವೆಲ್ಲಿನಿಂದ ಮಾತಿಗೊಮ್ಮೆ ಬೆವರು ಒರೆಸಿಕೊಳ್ಳುತ್ತಿದ್ದ.

ಗ್ಯಾರೇಜಿನ ಒಡತಿ ಅಖ್ತರುನ್ನೀಸಾ ಕೈ ಒರೆಸಿಕೊಂಡು ಬಂದಳು. ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು, ಮೂತಿಗೆ ಬಕೆಟ್ಟಿನ ತೋಳು ಕೂಡಿಸಿದ್ದ ಆ ನೀಲಿ ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿದಳು. ಆಮೇಲೆ ಉಲ್ಟಾ ಇನ್ನೊಂದು ಸುತ್ತು. ಯಾವ ಗಾಡಿ ಬಂದರೂ ಆಕೆಯ ಪದ್ಧತಿ ಅದೇ. ಹುಡುಗಿ ನೋಡಲು ಬಂದ ಬೀಗರೂ ಇಷ್ಟು ನೋಡುವುದಿಲ್ಲ ಎಂದು ಅಕ್ಕಿಆಲೂರಿನ ಮಂದಿ ಆಡಿಕೊಳ್ಳುತ್ತಿದ್ದರು.

ರೈಸ್ ಮಿಲ್ಲಿನ ಹಿಂದಿನ ಆ ತಗಡಿನ ಗ್ಯಾರೇಜು ಆಕೆಯ ತಂದೆ ಸಿರಾಜುದ್ದೀನನದು. ತಂದೆ ತೀರಿಕೊಂಡ ಮೇಲೆ ಮಗಳು ಅದಕ್ಕೆ ಸೇರಿಸಿದ್ದು ಒಂದೇ ಯಂತ್ರ. ರಬ್ಬರ್ ಪೈಪಿನ ತುದಿಗೆ ಕಬ್ಬಿಣದ ಬಾಯಿ ಒತ್ತಿ ಕೂಡಿಸುವ ಕ್ರಿಂಪಿಂಗ್ ಮಷಿನ್. ಅದೊಂದರಿಂದ ಸುತ್ತಲ ಊರುಗಳ ಟ್ರ್ಯಾಕ್ಟರು, ಜೆಸಿಬಿ, ಕಬ್ಬಿನ ಲೋಡರುಗಳ ರಕ್ತನಾಳಗಳೆಲ್ಲ ಆಕೆಯ ಕೈಗೆ ಬಂದಿದ್ದವು.

"ಎಲ್ಲಿಂದ ಬಂದ್ರಿ?"

"ಸವಣೂರು ಕಡೆಯಿಂದ್ರಿ. ಲಕ್ಷ್ಮಪ್ಪ ಅಂತಾರ."

"ಸವಣೂರಾಗ ಪೈಪು ಒತ್ತವರು ಅದಾರಲ್ಲ. ಶಿಗ್ಗಾವ್ಯಾಗ ಅದಾರ, ಹಾನಗಲ್ಲಾಗ ಅದಾರ. ಮೂರು ಅಂಗಡಿ ದಾಟಿ ಟ್ರ್ಯಾಕ್ಟರ್ ಹೊಡಕೊಂಡು ಇಲ್ಲಿತನಕ ಬಂದ್ರೆಲ್ಲ!"

"ನಿಮ್ಮ ಕೈ ಚಲೋ ಅಂತ ಕೇಳಿದ್ದೆ ರೀ."

"ಕೈ ಚಲೋನ ಐತಿ ಬಿಡ್ರಿ," ಎಂದು ಅಖ್ತರುನ್ನೀಸಾ ಸಂಕೋಚವಿಲ್ಲದೆ ಒಪ್ಪಿಕೊಂಡಳು.

ಗ್ಯಾರೇಜಿನ ಗೋಡೆಗೆ ಹಚ್ಚಿದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಾಕೆ ಅರವತ್ತು ದಾಟಿದ ಉಡಚವ್ವ. ಬಾಯ್ತುಂಬ ಎಲೆಅಡಿಕೆ. ಪಕ್ಕದಲ್ಲಿ ಮಾಸಿದ ಚೂಡಿದಾರದ ಇಪ್ಪತ್ತೆಂಟರ ಹೆಣ್ಣುಮಗಳು. ತೊಡೆಯ ಮೇಲೆ ಔಷಧಿ ಸಿಂಪಡಿಸುವ ಪಂಪಿನ ಸೀಳಿದ ಪೈಪು. ತಾಯಿ-ಮಗಳು ರಿಪೇರಿಗೆ ಬಂದಿದ್ದಾರೆ ಎಂದುಕೊಂಡ ಲಕ್ಷ್ಮಪ್ಪ ಅವರತ್ತ ತಿರುಗಿಯೂ ನೋಡಲಿಲ್ಲ.

ನೋಡಿದ್ದರೂ ಗುರುತು ಹತ್ತುತ್ತಿರಲಿಲ್ಲ. ಆ ಚೂಡಿದಾರದಾಕೆ ಸಬ್ ಇನ್ಸ್‌ಪೆಕ್ಟರ್ ವಿದ್ಯಾ.

ಕಳೆದ ಸೋಮವಾರ ಹಾಡಹಗಲೇ, ಹಿರೇಬೆಂಡಿಗೇರಿಯ ಮಂದಿಯೆಲ್ಲ ಒಂದು ಮದುವೆಯ ಊಟಕ್ಕೆ ಕೂತಿದ್ದಾಗ, ಕೆರೆ ಏರಿಯ ಮೇಲಿನ ನಾಲ್ಕಡಿಯ ವೀರಗಲ್ಲನ್ನು ಯಾರೋ ಲೋಡರಿನಿಂದ ಎತ್ತಿಕೊಂಡು ಹೋಗಿದ್ದರು. ಊರಿನಲ್ಲಿ ಲೋಡರ್ ಇದ್ದದ್ದು ಉಡಚವ್ವನ ಮಗ ಮಾಲತೇಶನ ಹತ್ತಿರ ಮಾತ್ರ. ಆತನ ಟ್ರ್ಯಾಕ್ಟರು ಜಪ್ತಾಯಿತು.

ಕಲ್ಲಿದ್ದ ಜಾಗದಲ್ಲಿ ಆಯಿಲ್ ಚೆಲ್ಲಿತ್ತು. ಅದರೊಳಗೆ ವಿದ್ಯಾಳಿಗೆ ಬೆರಳುದ್ದದ ಒಂದು ರಬ್ಬರ್ ಚೂರು ಸಿಕ್ಕಿತ್ತು. ಬುಧವಾರ ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಆಕೆ ಇದೇ ಗ್ಯಾರೇಜಿಗೆ ಬಂದಾಗ ಅಖ್ತರುನ್ನೀಸಾ ಅದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, ಒಂದೇ ಮಾತು ಹೇಳಿದ್ದಳು.

"ಪ್ರೆಶರ್ ತಡೀದ ಒಡದ ಪೈಪಲ್ಲ ಇದು. ಎಲ್ಲೋ ಕಬ್ಬಿಣಕ್ಕ ಉಜ್ಜಿ ಉಜ್ಜಿ ಸವದೈತಿ. ಒಂದು ಬದಿ ನೋಡ್ರಿ, ಕಾನಸಿನಿಂದ ತಿಕ್ಕಿದಂಗ ಸಪಾಟ ಆಗೇತಿ. ಮಾಲತೇಶನ ಗಾಡಿಗೆ ಪೈಪು ಎಳದಾಕಿ ನಾನು. ನಾಲ್ಕೂ ಪೈಪಿನ ಮ್ಯಾಲ ನನ್ನ ಮುದ್ರಿ ಐತಿ. ಒಂದಾದ್ರೂ ಬದಲಾಗೇತೇನು ಹೋಗಿ ನೋಡ್ರಿ."

ಬದಲಾಗಿರಲಿಲ್ಲ. ಆದರೆ ವಿದ್ಯಾಳ ಸಾಹೇಬರಿಗೆ ಅಷ್ಟು ಸಾಲಲಿಲ್ಲ. ಬರುವ ಸೋಮವಾರ ಕಾಗದಗಳು ಕೋರ್ಟಿಗೆ ಹೋಗಬೇಕು, ಅಷ್ಟರೊಳಗೆ ಬೇರೆ ಹೆಸರು ತನ್ನಿ ಅಂದಿದ್ದರು. ಇವತ್ತು ಶನಿವಾರ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಪೈಪು ಒತ್ತುವವರದೆಲ್ಲ ಒಂದು ವಾಟ್ಸಾಪ್ ಗುಂಪಿತ್ತು. ಬುಧವಾರ ಸಂಜೆಯೇ ಅಖ್ತರುನ್ನೀಸಾ ಅದರಲ್ಲಿ ಸುದ್ದಿ ಹಾಕಿದ್ದಳು: ಲೋಡರಿನ ಸವೆದ ಪೈಪು ಬದಲು ಮಾಡಿಸಲು ಯಾರು ಬಂದರೂ ತಿಳಿಸಬೇಕು. ಎರಡು ದಿನ ಯಾರೂ ಬರಲಿಲ್ಲ. ಇವತ್ತು ಬೆಳಿಗ್ಗೆ ಶಿಗ್ಗಾವಿಯ ಮುಸ್ತಾಕನಿಂದ ಎರಡು ಸಾಲು ಬಂತು: "ಒಂದು ನೀಲಿ ಗಾಡಿ, ಪೈಪಿಲ್ಲದ ಲೋಡರು. ಅಂಗಡಿ ಮುಂದ ನಿಂತು ನನ್ನ ಮಾರಿ ನೋಡಿ ಮುಂದ ಹೋತು."

ಅಖ್ತರುನ್ನೀಸಾ ಕೂಡಲೇ ವಿದ್ಯಾಳಿಗೆ ಫೋನು ಮಾಡಿದ್ದಳು. ಆ ನೀಲಿ ಗಾಡಿಯೇ ಈಗ ಎದುರಿಗೆ ನಿಂತಿತ್ತು.

* * *

"ಲೋಡರ್ ಯಾವಾಗ ತಗೊಂಡ್ರಿ?" ಸುತಳಿಯ ಉಂಡೆ ಬಿಚ್ಚುತ್ತ ಅಖ್ತರುನ್ನೀಸಾ ಕೇಳಿದಳು.

"ಮೊನ್ನಿ ರೀ. ಸೆಕೆಂಡ್ ಹ್ಯಾಂಡು. ನಿನ್ನಿ ವೆಲ್ಡಿಂಗ್‌ನವ ಬಂದು ಕೂಡಿಸಿ ಕೊಟ್ಟ."

"ಮದಲ ಲೋಡರ್ ಹೊಡದು ರೂಢಿ ಐತೇನು?"

"ಎಲ್ಲೀದ್ರಿ! ಇದ ಮದಲನೇ ಸಲ. ಯಾವುದು ಹಿಡದ್ರ ಯಾವುದು ಏಳತೈತಿ ಅನ್ನೂದೂ ಗೊತ್ತಿಲ್ಲ. ನೀವ ಕಲಿಸಿಕೊಡಬೇಕು."

ಬೆಂಚಿನ ಮೇಲೆ ಉಡಚವ್ವನ ಬಾಯಿ ತೆರೆಯಿತು. ವಿದ್ಯಾ ಆಕೆಯ ಮೊಳಕೈ ಹಿಡಿದಳು. ಬಾಯಿ ಮುಚ್ಚಿತು. ಮುದುಕಿಯನ್ನು ಕರೆತರುವುದು ಬೇಡವೆಂದೇ ವಿದ್ಯಾ ಹೇಳಿದ್ದಳು. ಆದರೆ ಹಿರೇಬೆಂಡಿಗೇರಿಯಿಂದ ಎರಡು ಬಸ್ಸು ಬದಲಿಸಿ, ಸುದ್ದಿ ತಿಳಿದು ಕರೆಯದೆಯೇ ಬಂದು ಕೂತವಳನ್ನು ಎಬ್ಬಿಸುವ ಧೈರ್ಯ ಪೊಲೀಸರಿಗೂ ಇರಲಿಲ್ಲ.

ಅಖ್ತರುನ್ನೀಸಾ ಅಳತೆ ಶುರು ಮಾಡಿದಳು. ಆಕೆ ಟೇಪು ಬಳಸುವವಳಲ್ಲ. ಸೀಟಿನ ಪಕ್ಕದ ಲಿವರಿನ ಬುಡದಿಂದ ಹೊರಟ ಸುತಳಿ ಇಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡು ಮುಂದಿನ ಗಾಲಿಯ ಒಳಮೈ ದಾಟಿ ಲೋಡರಿನ ತೋಳಿಗೆ ಮುಟ್ಟಿತು. ಎರಡು ಪೈಪು ತೋಳು ಎತ್ತಿಳಿಸಲು, ಎರಡು ಪೈಪು ಮುಂದಿನ ಬಕೆಟ್ಟನ್ನು ಒಳಕ್ಕೆ ಹೊರಕ್ಕೆ ಮಡಚಲು.

"ಸ್ಟೇರಿಂಗ್ ಪೂರಾ ಎಡಕ್ಕ ತಿರುವ್ರಿ," ಅಂದಳು. ಅಳೆದಳು. "ಈಗ ಪೂರಾ ಬಲಕ್ಕ." ಮತ್ತೆ ಅಳೆದಳು. "ಗಿಡ್ಡ ಆದ್ರ ತೋಳು ಎತ್ತಿದಾಗ ಹರೀತೈತಿ. ಉದ್ದ ಆದ್ರ ಜೋತು ಬಿದ್ದು ಗಾಲಿಗೆ ಸಿಗತೈತಿ. ಪೈಪು ಅಂದ್ರ ಸೊಸಿ ಇದ್ದಂಗ್ರಿ. ಬಾಳ ಬಿಗಿ ಹಿಡೀಬಾರದು, ಬಾಳ ಸಡ್ಲನೂ ಬಿಡಬಾರದು."

"ಹ್ಹೆಹ್ಹೆ," ಎಂದು ಲಕ್ಷ್ಮಪ್ಪ ನಕ್ಕ.

"ಸೊಸಿನ ಯಾಕ ಹಿಡೀಬೇಕ ನಾವು?" ಎಂದು ಉಡಚವ್ವ ಬೆಂಚಿನಿಂದಲೇ ಕೇಳಿಬಿಟ್ಟಳು. ಪೈಪಿನ ವಿಷಯದಲ್ಲಿ ಬಾಯಿ ಬಿಡಬೇಡ ಅಂದಿದ್ದರೇ ಹೊರತು ಸೊಸೆಯ ವಿಷಯದಲ್ಲಿ ಯಾರೂ ಏನೂ ಹೇಳಿರಲಿಲ್ಲ.

ಸುತಳಿ ಹಿಡಿದುಕೊಂಡೇ ಅಖ್ತರುನ್ನೀಸಾ ಮುಂದಿನ ಗಾಲಿಯ ಹಿಂದೆ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು.

ಟ್ರ್ಯಾಕ್ಟರಿನ ಮೈಯೆಲ್ಲ ದೂಳು, ಹಳೆಯ ಕೆಸರು, ಒಣಗಿದ ಗ್ರೀಸು. ಆದರೆ ಮುಂದಿನ ಆ್ಯಕ್ಸಲಿನ ಮೇಲೆ, ಚಾಸಿಯ ಅಂಚಿನಲ್ಲಿ, ಅಂಗೈಯಗಲದ ಒಂದು ಜಾಗ ಮಾತ್ರ ನೀಲಿಯಾಗಿ ಮಿರಮಿರ ಮಿಂಚುತ್ತಿತ್ತು. ಅಷ್ಟೇ ಜಾಗಕ್ಕೆ ಯಾರೋ ಹೊಸ ಬಣ್ಣ ಹೊಡೆದಿದ್ದರು.

ಆಕೆ ಹೆಬ್ಬೆರಳಿನಿಂದ ಮುಟ್ಟಿದಳು. ಬಣ್ಣ ಇನ್ನೂ ಸ್ವಲ್ಪ ಅಂಟಂಟಾಗಿತ್ತು. ಅದರ ಕೆಳಗೆ ಕಬ್ಬಿಣ ಸಮತಟ್ಟಾಗಿರಲಿಲ್ಲ. ಬೆರಳು ಒಂದು ಸಣ್ಣ ತಗ್ಗಿಗೆ ಇಳಿಯಿತು. ಬಾವಿಯ ಕಟ್ಟೆಯ ಮೇಲೆ ಹಗ್ಗ ಉಜ್ಜಿ ಆಗುವಂಥ ತಗ್ಗು.

"ಏನರ ಆಗೇತೇನ್ರಿ?" ಲಕ್ಷ್ಮಪ್ಪ ಮೇಲಿನಿಂದ ಇಣುಕಿದ.

"ಏನಿಲ್ಲ. ಸೊಂಟ ಹಿಡಕೊಂತು. ಚಾ ಕುಡಿದು ಬರ್ರಿ ಹೋಗ್ರಿ, ಅಷ್ಟರಾಗ ಪೈಪು ಒತ್ತತೇನಿ."

ಆತ ರಸ್ತೆಯಾಚೆಯ ಚಹಾದಂಗಡಿಗೆ ಹೋದ. ಅಖ್ತರುನ್ನೀಸಾ ನೆಟ್ಟಗೆ ಬೆಂಚಿನ ಹತ್ತಿರ ಬಂದು ವಿದ್ಯಾಳ ಕೈಯಿಂದ ಸೀಳಿದ ಪೈಪು ತೆಗೆದುಕೊಂಡು, ಅದನ್ನೇ ಪರೀಕ್ಷಿಸುವವಳಂತೆ ತಲೆ ತಗ್ಗಿಸಿದಳು.

"ಇವನ ಮೇಡಂ," ಅಂದಳು ಮೆಲ್ಲಗೆ. "ಮದಲ ಪೈಪು ಇದ್ವು. ಕಿತ್ತು ಒಗದು, ಉಜ್ಜಿದ ಜಾಗಕ್ಕ ಬಣ್ಣ ಬಳದಾನ."

"ಹಿಡೀಲೇನು?" ವಿದ್ಯಾ ಅರ್ಧ ಎದ್ದೇಬಿಟ್ಟಳು.

"ಕುಂದ್ರ್ರಿ. ನಿನ್ನಿ ಲೋಡರ್ ಕೂಡಿಸಿದ ವೆಲ್ಡಿಂಗ್‌ನವನ ಬಣ್ಣ ಹೊಡದ ಅಂತಾನ. ಆಗ ಏನು ಮಾಡ್ತೀರಿ? ಲೋಡರ್ ಹೊಡದ ಗೊತ್ತಿಲ್ಲ ಅಂದಾನಲ್ಲ, ಮದಲ ಆ ಸುಳ್ಳು ಬಿಚ್ಚೂಣು."

"ಹೆಂಗ?"

ಅಖ್ತರುನ್ನೀಸಾಳ ಕಣ್ಣು ಕನ್ನಡಕದ ಹಿಂದೆ ಕಿರಿದಾದವು. ನಗುವ ಮುನ್ನ ಆಕೆಯ ಕಣ್ಣು ಹಾಗಾಗುತ್ತಿದ್ದವು.

"ಬಕೆಟ್ಟಿನ ಎರಡು ಪೈಪು ಅದಾವಲ್ಲ, ಅವನ್ನ ಅದಲುಬದಲು ಕೂಡಸ್ತೇನಿ. ಎಡಕ್ಕ ಎಳದ್ರ ಬಕೆಟ್ಟು ಒಳಗ ಬರಬೇಕು. ಇದು ಹೊರಗ ಚೆಲ್ಲತೈತಿ. ಗೊತ್ತಿಲ್ಲದವಂಗ ಅದು ಉಲ್ಟಾ ಅನ್ನೂದು ಗೊತ್ತಾಗೂದಿಲ್ಲ. ನಾ ಹೆಂಗ ಕೊಟ್ಟೆನೋ ಹಂಗ ಕಲೀತಾನ. ಗೊತ್ತಿದ್ದವನ ಕೈ ಸುಳ್ಳು ಹೇಳೂದಿಲ್ಲ."

ಉಡಚವ್ವ ಮೆಚ್ಚುಗೆಯಿಂದ ಆಕೆಯ ಬೆನ್ನ ಮೇಲೊಂದು ಗುದ್ದು ಕೊಟ್ಟಳು.

* * *

ಮಷಿನ್ನು ಎಂಟು ಸಲ ಗುರುಗುಟ್ಟಿತು. ನಾಲ್ಕು ಪೈಪು, ಎಂಟು ಬಾಯಿ. ಕಪ್ಪಗೆ ಹೊಳೆಯುವ ಹೊಸ ಪೈಪುಗಳನ್ನು ಅಖ್ತರುನ್ನೀಸಾ ಕ್ಲಾಂಪು ಹಾಕಿ ಚಾಸಿಗೆ ಬಿಗಿದಳು. ಎಲ್ಲಿಯೂ ಕಬ್ಬಿಣಕ್ಕೆ ತಾಗದಂತೆ, ಅಂಚು ಬಂದಲ್ಲಿ ಹಳೆಯ ಟ್ಯೂಬಿನ ರಬ್ಬರು ಸುತ್ತಿ. ಕಳ್ಳನ ಗಾಡಿಯೇ ಆಗಿರಲಿ, ಕೆಲಸ ಕೆಟ್ಟದಾಗಿ ಮಾಡುವುದು ಆಕೆಗೆ ಬರುತ್ತಿರಲಿಲ್ಲ. ಬಕೆಟ್ಟಿನ ಎರಡು ಪೈಪು ಮಾತ್ರ ಬೇಕೆಂದೇ ತಮ್ಮ ತಮ್ಮ ಜಾಗ ಬಿಟ್ಟು ಪಕ್ಕದವರ ಮನೆಗೆ ಹೋದವು.

ಚಹಾ ಕುಡಿದು ಬಂದ ಲಕ್ಷ್ಮಪ್ಪ ಸೀಟಿಗೆ ಹತ್ತಿದ.

"ಚಾಲೂ ಮಾಡ್ರಿ. ಲಿವರ್ ಹಿಂದ ಮುಂದ ಹಿಡದ್ರ ತೋಳು. ಎಡಕ್ಕ ಬಲಕ್ಕ ಹಿಡದ್ರ ಬಕೆಟ್ಟು. ಸಾವಕಾಶ ಮಾಡ್ರಿ, ಪೈಪಿನ್ಯಾಗ ಗಾಳಿ ಇರತೈತಿ." ಯಾವ ಬದಿಗೆ ಹಿಡಿದರೆ ಬಕೆಟ್ಟು ಯಾವ ಬದಿಗೆ ಹೋಗುತ್ತದೆ ಎನ್ನುವುದನ್ನು ಆಕೆ ಹೇಳಲಿಲ್ಲ.

ಇಂಜಿನ್ ಹತ್ತಿತು. ಪೈಪುಗಳು ಒಮ್ಮೆ ಮೈ ಕೊಡವಿ ಬಿಗಿಯಾದವು. ತೋಳು ಗಡಗಡ ನಡುಗಿ ಮೇಲೆದ್ದಿತು.

ಲಕ್ಷ್ಮಪ್ಪ ನಟನೆಯಲ್ಲಿ ಕಡಿಮೆಯೇನಿರಲಿಲ್ಲ. ಲಿವರನ್ನು ಹಾವು ಹಿಡಿದವನಂತೆ ಹಿಡಿದ. ತೋಳನ್ನು ಜಗ್ಗಿಸಿದ, ಕುಣಿಸಿದ. "ಅಯ್ಯಯ್ಯ, ಇದೇನ್ರಿ!" ಎಂದು ತಾನೇ ಗಾಬರಿಯಾದ. ಮೂರು ಸಲ ಎತ್ತಿದ, ಇಳಿಸಿದ. ಬಕೆಟ್ಟಿನ ತಂಟೆಗೆ ಮಾತ್ರ ಹೋಗಲಿಲ್ಲ. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ.

ಅಖ್ತರುನ್ನೀಸಾ ಕಾದಳು. ವಿದ್ಯಾ ಉಗುರು ಕಚ್ಚಿದಳು.

"ಬಕೆಟ್ಟೂ ನೋಡ್ರಿ."

"ಊರಿಗೆ ಹೋಗಿ ನೋಡ್ತೇನಿ ಬಿಡ್ರಿ ಅಕ್ಕಾರ. ಸಾಕು."

ಯೋಜನೆ ಕೈತಪ್ಪಿತೆಂದು ವಿದ್ಯಾ ಅಂದುಕೊಳ್ಳುವಷ್ಟರಲ್ಲಿ, ಯಾರೂ ಯೋಜಿಸದ ಒಂದು ಸಹಾಯ ಪಕ್ಕದ ಮನೆಯ ಬೇಲಿ ನುಸುಳಿ ಬಂತು. ಚೌಡವ್ವನ ಕೆಂಪು ಹುಂಜ. ಮಿಲ್ಲಿನಿಂದ ಹಾರಿ ಬಿದ್ದ ನುಚ್ಚು ಹೆಕ್ಕುತ್ತ ಅದು ರಾಜನಂತೆ ನಡೆದು ಬಂದು, ಇಳಿಯುತ್ತಿದ್ದ ಬಕೆಟ್ಟಿನ ಚೂಪು ಅಂಚಿನ ಕೆಳಗೇ ನಿಂತಿತು.

"ಹುಂಜಾ!" ಉಡಚವ್ವ ಕಿರುಚಿದಳು.

ಲಕ್ಷ್ಮಪ್ಪನ ಕೈ ತಾನಾಗಿಯೇ ಚಲಿಸಿತು. ನೋಡಲಿಲ್ಲ, ಯೋಚಿಸಲಿಲ್ಲ, ನಡುಗಲಿಲ್ಲ. ಬೆರಳ ತುದಿಯಿಂದ ಲಿವರನ್ನು ಚಕ್ಕನೆ ಎಡಕ್ಕೆ ಎಳೆದ. ಬಕೆಟ್ಟನ್ನು ಒಳಕ್ಕೆ ಮಡಚಿ ಹುಂಜವನ್ನು ಉಳಿಸುವ ಎಳೆತ ಅದು.

ಬಕೆಟ್ಟು ಒಳಕ್ಕೆ ಬರಲಿಲ್ಲ. ಬಾಯಿ ತೆರೆದು ಮುಂದಕ್ಕೆ ಬಿದ್ದು ಧಡಾರೆಂದು ನೆಲಕ್ಕೆ ಅಪ್ಪಳಿಸಿತು. ಹುಂಜ ಎರಡು ಗರಿ ಬಿಟ್ಟುಕೊಟ್ಟು, ಬಯ್ಯುತ್ತ ಬೇಲಿ ಹಾರಿತು.

"ಉಲ್ಟಾ ಹಾಕೀರಲ್ರಿ!" ಲಕ್ಷ್ಮಪ್ಪ ಸೀಟಿನಿಂದ ಎದ್ದು ಗದರಿದ. "ಎಡಕ್ಕ ಎಳದ್ರ ಬಕೆಟ್ ಒಳಗ ಬರಬೇಕು! ಎರಡು ವರ್ಷದಾಗ ಹಿಂಗ ಒಮ್ಮೆನೂ—"

ಮಾತು ಅಲ್ಲಿಗೇ ನಿಂತಿತು. ಇಂಜಿನ್ ಮಾತ್ರ ಗುಡುಗುಡು ಅನ್ನುತ್ತಿತ್ತು.

ಅಖ್ತರುನ್ನೀಸಾ ಕೈ ಚಾಚಿ ಅದನ್ನೂ ಬಂದ್ ಮಾಡಿದಳು.

"ಎರಡು ವರ್ಷದಾಗ?"

* * *

"ಅಲ್ರೀ, ಅದು... ಮೊಬೈಲಿನ್ಯಾಗ ನೋಡಿದ್ದೆ. ವಿಡಿಯೋದಾಗ."

"ವಿಡಿಯೋ ನೋಡಿದ ಕೈ ಹಂಗ ಓಡೂದಿಲ್ಲ ಲಕ್ಷ್ಮಪ್ಪನವರ. ಇಳೀರಿ ಕೆಳಗ. ಒಂದು ತೋರಸ್ತೇನಿ."

ಆತ ಇಳಿದ. ಆಕೆ ಬೋಲ್ಟು ಬಿಚ್ಚುವ ಪಾನಾದ ತುದಿಯಿಂದ ಚಾಸಿಯ ಅಂಚಿನ ಹೊಸ ಬಣ್ಣವನ್ನು ಕೆರೆದಳು. ನೀಲಿ ಸಿಪ್ಪೆ ಉದುರಿತು. ಕೆಳಗೆ ಬೆಳ್ಳಗೆ ಹೊಳೆಯುವ ಕಬ್ಬಿಣ, ಅದರ ನಡುವೆ ಬೆರಳು ಗಾತ್ರದ ತಗ್ಗು, ತಗ್ಗಿನ ತಳದಲ್ಲಿ ಇನ್ನೂ ಅಂಟಿಕೊಂಡಿದ್ದ ಕರಿ ರಬ್ಬರಿನ ಪುಡಿ.

ವಿದ್ಯಾ ಬೆಂಚಿನಿಂದ ಎದ್ದು ಬಂದಳು. ಚೀಲದಿಂದ ಕಾಗದದ ಪೊಟ್ಟಣ ಬಿಚ್ಚಿ, ರಬ್ಬರ್ ಚೂರಿನ ಸಪಾಟಾದ ಬದಿಯನ್ನು ಆ ತಗ್ಗಿಗೆ ಇಟ್ಟಳು. ಕಳೆದುಹೋದ ಹಲ್ಲು ವಸಡಿಗೆ ಮರಳಿದಂತೆ ಕೂತಿತು.

"ಇದು ನನಗ ಸಿಕ್ಕಿದ್ದು ಹಿರೇಬೆಂಡಿಗೇರಿ ಕೆರಿ ಏರಿ ಮ್ಯಾಲ," ಅಂದಳು ವಿದ್ಯಾ. ಗುರುತಿನ ಚೀಟಿ ತೋರಿಸಿದಳು.

ಲಕ್ಷ್ಮಪ್ಪ ಚೀಟಿ ನೋಡಿದ, ಆಕೆಯ ಮುಖ ನೋಡಿದ. "ನೀವು... ಔಷಧ ಹೊಡಿಯೋ ಪಂಪಿನ ಪೈಪಿಗೆ ಬಂದವರಲ್ಲೇನ್ರಿ?"

"ಅದಕ್ಕೂ ಬಂದೇನಿ. ನಮ್ಮಪ್ಪನ ಪಂಪು. ಖರೇನ ಸೀಳೇತಿ."

ಆತ ನಗಲು ಹೋದ, ಆಗಲಿಲ್ಲ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಲೋಡರಿನ ಬಕೆಟ್ಟಿನ ಅಂಚಿನ ಮೇಲೆಯೇ ಕುಸಿದು ಕೂತ.

ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದ ಉಡಚವ್ವ ಎದ್ದಳು. ಬಾಯಲ್ಲಿದ್ದ ಎಲೆಯನ್ನು ಬೇಲಿಯಾಚೆ ಉಗುಳಿ ಬಂದು ಆತನ ಎದುರು ನಿಂತಳು. ಬಯ್ಯುತ್ತಾಳೆ ಎಂದು ಎಲ್ಲರೂ ಅಂದುಕೊಂಡರು.

"ಆ ಕಲ್ಲಿಗೆ ದೀಪ ಹಚ್ಚಾಕಿ ನಾನು," ಅಂದಳು. "ನಮ್ಮತ್ತಿ ಹಚ್ಚತಿದ್ಲು, ಆಕಿ ಅತ್ತಿ ಹಚ್ಚತಿದ್ಲು. ಕುದರಿ ಮ್ಯಾಲ ಕುಂತವ ಯಾರು, ಯಾವ ಕಾಳಗದಾಗ ಸತ್ತ, ನಮಗ ಯಾರಿಗೂ ಗೊತ್ತಿಲ್ಲ. ದನ ಕಾಯಾಕ ಹೋಗಿ ಸತ್ತಾನಂತ, ಊರಿನ ದನ. ಅಷ್ಟ ಗೊತ್ತು. ಅದು ಹೋತಲ್ಲ, ಅದಕ್ಕ ಅಳಲಿಲ್ಲ ನಾನು. ಆರು ದಿನದಿಂದ ನನ್ನ ಮಗಗ ಒಬ್ಬರೂ 'ಬಾ ಮಾಲತೇಶ, ಗೊಬ್ಬರ ಹೇರು' ಅಂದಿಲ್ಲಪ. ಚಾದಂಗಡ್ಯಾಗ ಅಂವ ಹೋಗಿ ಕುಂತ್ರ ಎದ್ದು ಹೋಗ್ತಾರ. ಅದಕ್ಕ ಅತ್ತೇನಿ. ನಿನಗ ಗೊತ್ತಿತ್ತಿಲ್ಲೋ, ಅವನ ಗಾಡಿ ಹಿಡದಾರ ಅಂತ?"

ಲಕ್ಷ್ಮಪ್ಪ ಟವೆಲ್ಲು ತೆಗೆಯಲಿಲ್ಲ. "ಗೊತ್ತಿತ್ತು ಯವ್ವಾ," ಅಂದ ಬಟ್ಟೆಯೊಳಗಿಂದಲೇ. "ಮಂಗಳವಾರನ ಗೊತ್ತಾತು. ಹೆದರಿದೆ. ಪೈಪು ಕಿತ್ತು ಹೊಲದಾಗ ಹುಗದೆ. ಹೊಸವು ಹಾಕಿಸಿದ್ರ ನನ್ನ ತಂಟೆಗೆ ಯಾರೂ ಬರೂದಿಲ್ಲ ಅಂತ ತಿಳಕೊಂಡೆ. ಆದ್ರ ನಿದ್ದಿ ಬಂದಿಲ್ಲ."

"ನನಗೂ ಬಂದಿಲ್ಲ," ಎಂದಳು ಉಡಚವ್ವ. ಆಮೇಲೆ ಗಡಿಗೆಯಿಂದ ಒಂದು ಲೋಟ ನೀರು ತುಂಬಿ ತಂದು ಆತನ ಕೈಗೆ ಹಿಡಿಸಿದಳು. "ಕುಡಿ. ಕುಡದು ಎಲ್ಲಾ ಹೇಳು. ಒಂದ ಮಾತು ಬಿಡಬ್ಯಾಡ."

ಆತ ಕುಡಿದ. ಹೇಳಿದ.

ಫೋನಿನಲ್ಲಿ ಒಬ್ಬ ಗಂಡಸು ಮಾತಾಡಿದ್ದನಂತೆ. ಏರಿ ರಿಪೇರಿ ಇದೆ, ಹಳೆಯ ಕಲ್ಲು ಒಡೆಯಬಾರದು, ಜೋಪಾನವಾಗಿ ಬೇರೆ ಕಡೆ ಇಡಬೇಕು, ನಿಮ್ಮ ಲೋಡರ್ ಬೇಕು ಎಂದು. ಲಕ್ಷ್ಮಪ್ಪ ಹೋದಾಗ ಏರಿಯ ಮೇಲೆ ಒಂದು ಲಾರಿ, ಇಬ್ಬರು ಹಮಾಲರು, ಒಬ್ಬ ಹೆಣ್ಣುಮಗಳು ನಿಂತಿದ್ದರು. ಆಕೆ ಒಂದು ಕಾಗದ ತೋರಿಸಿದಳು.

"ಯಾರದು ಕಾಗದ?" ವಿದ್ಯಾ ಕೇಳಿದಳು.

"ಓದಲಿಲ್ರಿ. ಕೆಳಗ ದುಂಡನ್ನ ಸಿಕ್ಕಾ ಒತ್ತಿತ್ತು. ಸಿಕ್ಕಾ ನೋಡಿದ ಮ್ಯಾಲ ನಾವು ಓದೂದಿಲ್ಲಲ್ರಿ."

"ಆ ಹೆಣ್ಣಮಗಳು ಹೆಂಗಿದ್ಲು?"

"ಐವತ್ತು ಆಗಿರಬೇಕ್ರಿ. ಬಿಳಿ ಕೂದಲಾ, ಹತ್ತಿ ಸೀರಿ. ಕಲ್ಲಿನ ಹತ್ರ ಹೋಗೂ ಮದಲ ಚಪ್ಲಿ ಬಿಟ್ಲು. ಕೈ ಮುಗದ್ಲು. ಬಕೆಟ್ಟಿನ್ಯಾಗ ಗೋಣಿಚೀಲ ಹಾಸು, ಕುದರಿ ಕಿವಿಗೆ ಪೆಟ್ಟಾಗಬಾರದು ಅಂತ ನಾಕು ಸಲ ಹೇಳಿದ್ಲು. ಕೂಸಿನ್ನ ಎತ್ತಿದಂಗ ಎತ್ತಿಸಿದ್ಲು ರೀ ಮೇಡಂ. ಕಳ್ಳರು ಹಂಗ ಮಾಡ್ತಾರೇನು? ಅದಕ್ಕ ನಂಬಿದೆ. ಕಲ್ಲು ಲಾರ್‍ಯಾಗ ಇಟ್ಟು ಬಕೆಟ್ ಒಳಗ ತಗೋಬೇಕು ಅನ್ನೂದ್ರಾಗ ಪೈಪು ಪಟ್ ಅಂತು. ಆಯಿಲ್ ಎಲ್ಲಾ ಆಕಿ ಸೀರಿ ಮ್ಯಾಲ. ಆಕಿ ಸಿಟ್ಟಾಗಲಿಲ್ಲ. ನಕ್ಕಬಿಟ್ಲು."

"ಲಾರಿ ಎಲ್ಲಿಗೆ ಹೋತು?"

"ಹಿರೇಕೆರೂರು ಅಂತ ಹಮಾಲರು ಮಾತಾಡಿದ್ದು ಕೇಳಿಸ್ತು. ನಂಬರು ನೆನಪಿಲ್ರಿ."

ವಿದ್ಯಾ ಎಲ್ಲವನ್ನೂ ಬರೆದುಕೊಂಡಳು. ಬರೆಯುತ್ತಿದ್ದ ಕೈ ಚುರುಕಾಗಿತ್ತು. ಸೋಮವಾರಕ್ಕೆ ಇನ್ನು ಮಾಲತೇಶನ ಹೆಸರು ಕೋರ್ಟಿನ ಕಾಗದದಲ್ಲಿ ಇರುವುದಿಲ್ಲ. ಆಕೆ ಅದನ್ನು ಉಡಚವ್ವನಿಗೆ ಹೇಳಿದಾಗ ಮುದುಕಿ ಎರಡೂ ಕೈಯಿಂದ ಅಖ್ತರುನ್ನೀಸಾಳ ಗಲ್ಲ ಸವರಿ ನೆಟಿಗೆ ಮುರಿದಳು. ಅಖ್ತರುನ್ನೀಸಾಳ ಕಪ್ಪು ಗ್ರೀಸು ಮುದುಕಿಯ ಬೆರಳಿಗೆಲ್ಲ ಹತ್ತಿತು. ಇಬ್ಬರೂ ನಕ್ಕರು. ಲಕ್ಷ್ಮಪ್ಪನಿಗೂ ಸಣ್ಣದೊಂದು ನಗು ಬಂತು.

"ಬಕೆಟ್ಟಿನ ಪೈಪು ಸರಿ ಮಾಡಿ ಕೊಡ್ತೇನಿ," ಎಂದಳು ಅಖ್ತರುನ್ನೀಸಾ ಆತನಿಗೆ. "ಉಲ್ಟಾ ಇಟ್ಟು ಕಳಿಸಿದ್ರ ನನ್ನ ಹೆಸರು ಕೆಡತೈತಿ."

ಆಗ ಉಡಚವ್ವನ ಸೆರಗಿನ ಗಂಟಿನೊಳಗೆ ಫೋನು ಬಡಿದುಕೊಂಡಿತು.

ಆಕೆಗೆ ಕಿವಿ ಸ್ವಲ್ಪ ದೂರ. ಫೋನನ್ನು ಯಾವಾಗಲೂ ಎಲ್ಲರಿಗೂ ಕೇಳುವಂತೆಯೇ ಇಟ್ಟಿರುತ್ತಿದ್ದಳು. ಮಾಲತೇಶನ ದನಿ ಗ್ಯಾರೇಜಿನ ತಗಡಿಗೆಲ್ಲ ಬಡಿಯಿತು.

"ಅವ್ವಾ! ಎಲ್ಲಿ ಇದ್ದಿ? ಕಲ್ಲು ಬಂದೈತಿ!"

"ಏನಂದಿ?"

"ವೀರಗಲ್ಲು ಬೇ! ಎಮ್ಮಿ ಮೈ ತೊಳಿಯಾಕ ಕೆರಿಗೆ ಬಂದಿದ್ದೆ. ಏರಿ ಮ್ಯಾಲ ನಿಂತೈತಿ. ಊರ ಮಂದಿ ಎಲ್ಲಾ ಓಡಿ ಬಂದಾರ. ಗುಡ್ಡಪ್ಪ ಕಾಕಾ ನನ್ನ ತೆಕ್ಕಿ ಬಡಕೊಂಡು ಅತ್ತಬಿಟ್ಟ!"

ಉಡಚವ್ವನ ಕಣ್ಣು ತುಂಬಿದವು. ವಿದ್ಯಾ ಪೆನ್ನಿನ ಮುಚ್ಚಳ ಹಾಕಿದಳು. ಹಾಗಾದರೆ ಆ ಹೆಣ್ಣುಮಗಳು ನಿಜವಾಗಿಯೂ ಕಳ್ಳಿಯಲ್ಲವೇ? ಹೆದರಿ ವಾಪಸು ತಂದಿಟ್ಟಳೇ?

"ಆದ್ರ ಅವ್ವಾ..." ಮಾಲತೇಶನ ದನಿ ಸ್ವಲ್ಪ ಇಳಿಯಿತು. "ಒಂದಲ್ಲ. ಎರಡು ಅದಾವ."

"ಎರಡು ಏನು?"

"ಎರಡು ಕಲ್ಲು. ಒಂದರ ಬಾಜೂಕ ಒಂದು. ಅದ ಕುದರಿ, ಅದ ಕತ್ತಿ. ಮ್ಯಾಲಿನ ಮುರಿದ ಮೂಲಿ ಸೈತ ಎರಡಕ್ಕೂ ಹಂಗ ಮುರದೈತಿ. ಅವಳಿ ಮಕ್ಕಳು ನಿಂತಂಗ ನಿಂತಾವ. ಯಾವುದು ನಮ್ಮದು ಅಂತ ಯಾರಿಗೂ ತಿಳೀವಲ್ದು. ನೀ ಬಂದು ಹೇಳಬೇಕಂತ."

ವಿದ್ಯಾ ಮುಚ್ಚಿದ ಪೆನ್ನನ್ನು ಮತ್ತೆ ತೆರೆದಳು.

ಮೊದಲು ಚೇತರಿಸಿಕೊಂಡವಳು ಉಡಚವ್ವನೇ. "ನಲವತ್ತು ವರ್ಷ ಎಣ್ಣಿ ಹಚ್ಚಿದ ಕಲ್ಲು ಅದು. ಕಣ್ಣು ಮುಚ್ಚಿ ಕೈ ಇಟ್ಟರ ಸಾಕು, ನಮ್ಮದು ಯಾವುದು ಅಂತ ಹೇಳ್ತೇನಿ," ಎಂದು ಚಪ್ಪಲಿ ಹುಡುಕತೊಡಗಿದಳು. "ನಡೀರಿ, ಹೋಗೂಣು. ಒಂದು ಖರೇದು, ಒಂದು ಖೊಟ್ಟಿ. ಅಷ್ಟ ಅಲ್ಲೇನು?"

"ಅಷ್ಟ," ಎಂದು ವಿದ್ಯಾ ಜೀಪಿಗೆ ಫೋನು ಮಾಡಲು ಹೊರಟಳು.

"ಅಲ್ರಿ ಮೇಡಂ."

ಲಕ್ಷ್ಮಪ್ಪ ಬಕೆಟ್ಟಿನ ಅಂಚಿನಿಂದ ಎದ್ದು ನಿಂತಿದ್ದ. ಖಾಲಿ ಲೋಟವನ್ನು ಕೆಳಗಿಟ್ಟ.

"ನಾ ಎತ್ತಿದ ಕಲ್ಲು ಲಾರ್‍ಯಾಗ ಇಡಾಕ ಹಮಾಲರು ತಾಡಪಾಲ ಸರಿಸಿದ್ರು. ಆಗ ಒಳಗ ನೋಡಿದೆ. ದೇವರ ಗುಡಿ ಕೆಲಸಕ್ಕ ಒಯ್ಯಾಕತ್ತಾರ ಅಂತ ತಿಳಕೊಂಡು ಸುಮ್ಮನಿದ್ದೆ." ಆತ ಉಡಚವ್ವನ ಮುಖ ನೋಡಿ, ಕಣ್ಣು ಕೆಳಗಿಳಿಸಿದ. "ಲಾರಿಯೊಳಗ ಆಗಲೇ ಎರಡು ಇದ್ವು ಯವ್ವಾ. ಅದ ಕುದರಿ, ಅದ ಕತ್ತಿ, ಅದ ಮುರಿದ ಮೂಲಿ. ನಾ ಎತ್ತಿ ಇಟ್ಟಿದ್ದು ಮೂರನೇದು."